ಹುಳವಿಲ್ಲದ ಅವರೆಕಾಯಿ

ಅವರೆಕಾಯಿ ಕಾಲ ಬಂತೆಂದರೆ ರಾಜಾಜಿನಗರದ ಮನೆಮನೆಯಲ್ಲೂ ಒಂದೇ ಗೋಳು. ಕಾಯಿ ಬಿಡಿಸಿದರೆ ಕಾಳಿಗಿಂತ ಮೊದಲು ಹುಳ ತಲೆಯೆತ್ತಿ ನೋಡುತ್ತದೆ. ನಿಮ್ಮ ಮನೆಯಲ್ಲೂ ನೋಡಿರುತ್ತದೆ, ಇಲ್ಲ ಅನ್ನಬೇಡಿ.

ಅನಂತಲಕ್ಷ್ಮಮ್ಮನವರಿಗಂತೂ ಹುಳ ಕಂಡರೆ ಮೈಯೆಲ್ಲ ಮುಳ್ಳು. ತರಕಾರಿ ಆರಿಸುವುದರಲ್ಲಿ ಅವರ ಕಣ್ಣು ಬೀದಿಗೆಲ್ಲ ಹೆಸರುವಾಸಿ. ಬೆಂಡೆಕಾಯಿಯ ತುದಿ ಮುರಿದು ನೋಡುವರು, ಬದನೆಕಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸುವರು, ಸೊಪ್ಪಿನ ಕಟ್ಟನ್ನು ಬಿಚ್ಚಿಸಿ ಒಳಗೇನಿದೆ ಎಂದು ವಿಚಾರಣೆ ನಡೆಸುವರು. ಅವರು ಸರಿ ಎಂದ ಬುಟ್ಟಿ ಬೀದಿಯ ಕೊನೆ ಮುಟ್ಟುವ ಮೊದಲೇ ಖಾಲಿ. ಅವರು ಮೂಗು ಮುರಿದ ಬುಟ್ಟಿಯತ್ತ ಬೇರೆ ಹೆಂಗಸರೂ ತಿರುಗಿ ನೋಡುತ್ತಿರಲಿಲ್ಲ.

ಆ ವರ್ಷ ಧನುರ್ಮಾಸದ ಚಳಿಯಲ್ಲಿ ಅವರ ಮಗಳು ಪ್ರಭಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಂದವಳೇ ಅವರೆಕಾಳಿನ ಸಿಪ್ಪೆ ಹಿಸುಕಿ ತೆಗೆದು ಮಾಡುವ ಹಿತಕಿದ ಬೇಳೆ ಸಾರು ಬೇಕೆಂದಳು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರೆ. ಕಿವಿ ಸೋರಲಿ ಬಿಡಲಿ, ಮಗಳು ಕೇಳಿದ್ದನ್ನು ಇಲ್ಲವೆನ್ನುವ ತಾಯಿ ಎಲ್ಲಿದ್ದಾಳೆ?

ಕೆಂಗೇರಿಯಿಂದ ಹನುಮಕ್ಕ ಬುಟ್ಟಿ ಹೊತ್ತು ಬಂದಳು. ಗಂಡ ಮುನಿವೆಂಕಟಪ್ಪ ಹೊಲದಲ್ಲಿ ಬೆಳೆದದ್ದನ್ನು ಬಿ.ಟಿ.ಎಸ್. ಬಸ್ಸಿನಲ್ಲಿ ತಂದು ಮನೆಮನೆಗೆ ಮಾರುವುದು ಅವಳ ಕೆಲಸ.

"ಏನೇ ಹನುಮಕ್ಕ, ಕಾಯಿ ತಂದಿದೀಯೋ ಹುಳ ತಂದಿದೀಯೋ?" ಎಂದರು ಅನಂತಲಕ್ಷ್ಮಮ್ಮ.

"ಅವರೇಕಾಯಿ ಅಂದ್ಮ್ಯಾಲೆ ಹುಳ ಇಲ್ದೇ ಇರ್ತದಾ ಅಮ್ಮಾವ್ರೇ? ರುಚಿ ಇದ್ದ ಕಡೀಕೇ ತಾನೇ ಅದೂ ಬರೋದು."

"ನಿನ್ನ ಹುಳದ ಪುರಾಣ ಬೇಡ. ಬಸುರಿ ಹುಡುಗಿ ತಿನ್ನೋದು. ಒಂದು ತೂತೂ ಇಲ್ಲದ ಕಾಯಿ ತಾ, ಬುಟ್ಟಿಗೆ ಬುಟ್ಟೀನೇ ತಗೋತೀನಿ. ಹುಳದ್ದು ತರೋ ಹಾಗಿದ್ರೆ ಈ ಬೀದಿ ಕಡೆ ಬರಲೇಬೇಡ."

ಹನುಮಕ್ಕ ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋದಳು. ಅಲ್ಲಿಯೂ ಯಾರೂ ಕೊಳ್ಳಲಿಲ್ಲ.

ಮುಂದಿನ ವಾರ ಅವಳು ತಂದ ಕಾಯಿಯನ್ನು ನೋಡಿ ಅನಂತಲಕ್ಷ್ಮಮ್ಮನವರು ಬೆರಗಾಗಿ ನಿಂತರು. ಒಂದೊಂದು ಕಾಯಿಯೂ ತುಂಬಿಕೊಂಡಿದೆ, ಹಸಿರಾಗಿ ಹೊಳೆಯುತ್ತಿದೆ, ಎಷ್ಟು ತಿರುವಿ ಹಾಕಿದರೂ ತೂತಿಲ್ಲ. ಮೇಲೆ ತೆಳ್ಳಗೆ ಬೆಳ್ಳನೆಯ ಪದರ. ರಾತ್ರಿಯ ಮಂಜು ಕಾಯಿಯ ಮೇಲೆ ಕೂತು ಒಣಗಿದೆ ಎಂದುಕೊಂಡರು. ಮಂಜು ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚು, ಇದು ಯಾರಿಗೆ ಗೊತ್ತಿಲ್ಲ?

"ಇದ್ದಕ್ಕಿದ್ದ ಹಾಗೆ ಹೇಗೆ ಇಷ್ಟು ಚೆನ್ನಾಗಿ ಬಂತೇ?"

"ಔಸ್ದಿ ಹೊಡ್ದವ್ರೆ ಅಮ್ಮಾವ್ರೇ, ನಮ್ಮೆಜಮಾನ್ರು."

ಔಷಧಿ ತಾನೇ, ಒಳ್ಳೆಯದೇ ಆಯಿತು ಎಂದುಕೊಂಡು ಅವರು ಮಡಿಲು ತುಂಬ ಕೊಂಡರು. ಅಂದು ಹನುಮಕ್ಕ ಬರಿಬುಟ್ಟಿ ಬೀಸಿಕೊಂಡು ಊರಿಗೆ ಹೋದಳು.

ಹಜಾರದಲ್ಲಿ ಹಳೆಯ ಪತ್ರಿಕೆ ಹಾಸಿ ತಾಯಿ ಮಗಳು ಕಾಯಿ ಸುಲಿಯಲು ಕೂತರು. ಪ್ರಭಾ ಎರಡು ಕಾಯಿ ಸುಲಿದರೆ ಒಂದು ಹಸಿಕಾಳು ಬಾಯಿಗೆ. ಅದೇ ಹೊತ್ತಿಗೆ ಪಕ್ಕದ ಮನೆಯ ಸತ್ಯವತಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಹಿಂದೆ ಹಳ್ಳಿಗಳಲ್ಲಿ ಗ್ರಾಮಸೇವಿಕೆಯಾಗಿದ್ದವರು, ಈಗ ರೈತರ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವವರು. ಕಾಯಿಯ ಮೇಲಿನ ಬಿಳಿ ಪದರ ನೋಡಿದವರೇ ಪ್ರಭಾಳ ಕೈ ಹಿಡಿದುಕೊಂಡರು.

"ಇರು ಪ್ರಭಾ, ಬಾಯಿಗೆ ಹಾಕ್ಕೋಬೇಡ. ಇದನ್ನ ತೊಳೆದಿದೀರಾ ಅನಂತಲಕ್ಷ್ಮಮ್ಮ?"

"ಅವರೆಕಾಯಿ ಯಾರಾದ್ರೂ ತೊಳೀತಾರೇನ್ರೀ? ಸೊಗಡೆಲ್ಲ ನೀರಿಗೆ ಹೋಗಿಬಿಡುತ್ತೆ. ನಮ್ಮಮ್ಮ ತೊಳೀಲಿಲ್ಲ, ನಮ್ಮತ್ತೆ ತೊಳೀಲಿಲ್ಲ."

"ಅವರ ಕಾಲದಲ್ಲಿ ಈ ಪುಡಿ ಇರಲಿಲ್ವಲ್ಲ."

"ಪುಡಿ ಎಲ್ಲಿ ಬಂತು? ಅದು ಮಂಜು ಕಣ್ರೀ."

"ಬೆಳ್ಳಗಿರೋದೆಲ್ಲ ಹಾಲಲ್ಲ. ಇದು ಹುಳ ಸಾಯಿಸೋ ಪುಡಿ. ಕೀಳೋಕೆ ಒಂದೆರಡು ದಿನ ಮುಂಚೆ ಎರಚಿರಬೇಕು, ಇನ್ನೂ ಹಾಗೇ ಕೂತಿದೆ."

"ಔಷಧಿ ಅಂದಳಲ್ಲ ಅವಳು."

"ನಾವೇ ಇಟ್ಟ ಹೆಸರು ಅದು. ಗಿಡಕ್ಕೆ ಔಷಧಿ, ಹುಳಕ್ಕೆ ವಿಷ. ನಮ್ಮ ಹೊಟ್ಟೆಗೆ ಹೋದ್ರೆ ನಮಗೂ ವಿಷಾನೇ."

ಅನಂತಲಕ್ಷ್ಮಮ್ಮ ಅಷ್ಟು ಸುಲಭಕ್ಕೆ ಒಪ್ಪುವವರೇ? ಸೊಗಡಿನ ವಿಷಯದಲ್ಲಿ ತಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದರು. ಸತ್ಯವತಿ ನಕ್ಕು ಒಂದು ಹಿಡಿ ಕಾಯಿಯನ್ನು ಬಚ್ಚಲಿಗೆ ಒಯ್ದರು. ನೀರು ಬದಲಾಯಿಸಿ ಬದಲಾಯಿಸಿ ಕೈಯಿಂದ ತಿಕ್ಕಿ ತೊಳೆದರು, ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಅನಂತಲಕ್ಷ್ಮಮ್ಮನವರಿಗೆ ಕಣ್ಣು ಮುಚ್ಚಲು ಹೇಳಿ, ತೊಳೆದದ್ದನ್ನೂ ತೊಳೆಯದ್ದನ್ನೂ ಒಂದಾದ ಮೇಲೊಂದು ಮೂಗಿನಿಂದ ತುಸು ದೂರ ಹಿಡಿದರು.

"ಮೊದಲನೇದು," ಎಂದರು ಅನಂತಲಕ್ಷ್ಮಮ್ಮ ತಡಮಾಡದೆ. "ಸೊಗಡು ಅಂದ್ರೆ ಅದು. ತೊಳೀದೇ ಇರೋದು ಅದೇ. ಎರಡನೇದರಲ್ಲಿ ಏನೋ ಘಾಟು, ಮುಗ್ಗಲು ವಾಸನೆ."

ಕಣ್ಣು ಬಿಟ್ಟರೆ ಎರಡನೆಯದರ ಮೇಲೆ ಬಿಳಿ ಪದರ ಹಾಗೇ ಇತ್ತು. ಮೊದಲನೆಯದು ತೊಳೆದ ಕಾಯಿ. ಸೊಗಡು ಸಿಪ್ಪೆಯ ಜಿಡ್ಡಿನಲ್ಲಿ ಇರುವುದು, ತಣ್ಣೀರಿಗೆ ಅದು ಎದ್ದು ಹೋಗಿರಲಿಲ್ಲ. ಇಷ್ಟು ವರ್ಷ ಅವರೆಕಾಯಿ ಮೂಸಿದ ಮೂಗು ಈಗ ತಾನೇ ಸಾಕ್ಷಿ ಹೇಳಿತ್ತು. ಅವರು ಪ್ರಭಾಳ ಕಡೆ ತಿರುಗಿದರು.

"ಅಯ್ಯೋ, ಇವಳು ಎಷ್ಟು ತಿಂದಳೋ."

"ನಾಲ್ಕು ಕಾಳಿಗೆ ಗಾಬರಿ ಬೇಡ. ಪ್ರಭಾ, ಸೋಪು ಹಾಕಿ ಕೈ ತೊಳ್ಕೊ, ಬಾಯಿ ಮುಕ್ಕಳಿಸು. ನಾಳೆ ಹೇಗೂ ಆಸ್ಪತ್ರೆಗೆ ಹೋಗ್ತೀಯಲ್ಲ, ಡಾಕ್ಟರ ಹತ್ರ ಇದನ್ನ ಮರೀದೆ ಹೇಳು. ಹೊಟ್ಟೆ ತೊಳಸಿದ್ರೆ, ತಲೆ ಸುತ್ತಿದ್ರೆ ನಾಳೆ ತನಕ ಕಾಯೋದು ಬೇಡ, ಈಗಲೇ ಹೋಗೋಣ."

ಪುಣ್ಯಕ್ಕೆ ಹಾಗೇನೂ ಆಗಲಿಲ್ಲ. ಮರುದಿನ ಡಾಕ್ಟರು ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಮತ್ತೆ ಹಾಗೆ ತಿನ್ನಬೇಡಿ ಎಂದರು. ಭಯ ಇಳಿದ ಜಾಗದಲ್ಲಿ ಅನಂತಲಕ್ಷ್ಮಮ್ಮನವರಿಗೆ ಕೋಪ ಏರಿತು. ನನ್ನ ಮಗಳಿಗೆ ವಿಷ ಮಾರಿ ಹೋದಳಲ್ಲ ಆ ಹನುಮಕ್ಕ, ಅವಳ ಮನೆ ಬಾಗಿಲಲ್ಲೇ ನಿಂತು ಕೇಳುತ್ತೇನೆ ಎಂದರು.

"ಕೇಳೋಣ ಬನ್ನಿ," ಎಂದರು ಸತ್ಯವತಿ. "ಗುರುವಾರ ಕೆಂಗೇರೀಲಿ ನನಗೆ ಹೆಂಗಸರ ಸಭೆ ಇದೆ."

ಗುರುವಾರ ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ಬಸ್ಸು ಹೋಗುತ್ತಿದ್ದರೆ ಎದುರಿನಿಂದ ಲಾರಿಗಳ ಸಾಲು. ಎಲೆಕೋಸು, ಟೊಮೇಟೊ, ತೆಂಗಿನಕಾಯಿ, ಬಾಳೆಗೊನೆ. ಅನಂತಲಕ್ಷ್ಮಮ್ಮ ಕಿಟಕಿಗೆ ಮುಖವಿಟ್ಟು ನೋಡಿದ್ದೇ ನೋಡಿದ್ದು. ಮನೆ ಬಾಗಿಲಿಗೆ ಬರುವ ಒಂದು ಬುಟ್ಟಿಯ ಹಿಂದೆ ಇಷ್ಟೆಲ್ಲ ಇದೆಯೆಂದು ಅವರು ಎಂದೂ ಯೋಚಿಸಿರಲಿಲ್ಲ.

"ಇದಿಷ್ಟೂ ನಮ್ಮೂರಿಗೇನ್ರೀ?"

"ನಮ್ಮೂರಿಗೆ ಸ್ವಲ್ಪ, ಮದರಾಸಿಗೆ ಸ್ವಲ್ಪ, ಇನ್ನೂ ಎಲ್ಲೆಲ್ಲಿಗೋ. ಹಾಗೇ ನಾಸಿಕದ ಈರುಳ್ಳಿ, ನಾಗಪುರದ ಕಿತ್ತಳೆ, ಸಿಮ್ಲಾದ ಸೇಬು ನಮ್ಮ ಬೀದಿಗೆ ಬರ್ತಾವಲ್ಲ. ಈಗ ದೇಶದಲ್ಲೆಲ್ಲ ಕೊಳ್ಳೋರು ಒಂದೇ ಮಾತು ಹೇಳ್ತಾರೆ. ದಪ್ಪಗಿರಬೇಕು, ಹೊಳೀಬೇಕು, ಕಲೆ ಇರಬಾರದು. ಬಟಾಣಿಗೆ ಹಸಿರು ಬಣ್ಣ ಹಾಕೋರು, ಬದನೆಕಾಯಿಗೆ ಎಣ್ಣೆ ಒರೆಸೋರು ಸುಮ್ಮನೆ ಹುಟ್ಟಲಿಲ್ಲ. ನಮ್ಮ ಕಣ್ಣು ಕೇಳಿತು, ಅವರು ಕೊಟ್ಟರು."

ಅನಂತಲಕ್ಷ್ಮಮ್ಮ ಕಿಟಕಿಯಿಂದ ಮುಖ ತಿರುಗಿಸಿದರು. ಬೀದಿಗೆಲ್ಲ ಹೆಸರುವಾಸಿಯಾದ ಕಣ್ಣು ಯಾರದು ಎಂದು ಅವರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ಕೆಂಗೇರಿಯಲ್ಲಿ ಇಳಿದು, ಹನುಮಕ್ಕನ ಹೊಲ ಯಾವುದೆಂದು ಕೇಳಿಕೊಂಡು ದಿಣ್ಣೆ ಹತ್ತಿದಾಗ ಕೆಳಗಿನ ಹೊಲಗಳೆಲ್ಲ ಬೆಳ್ಳಗೆ ಕಂಡವು. ಬಿಸಿಲೇರಿದರೂ ಮಂಜು ಕರಗಿಲ್ಲವಲ್ಲ ಎಂದು ಅವರು ನಿಂತು ನೋಡಿದರು. ಇನ್ನೆರಡು ಹೆಜ್ಜೆ ಇಟ್ಟಾಗ ತಿಳಿಯಿತು. ಅದು ಮಂಜಲ್ಲ. ಒಂದು ಹೊಲವಲ್ಲ, ಅಕ್ಕಪಕ್ಕದ ಹೊಲಗಳೂ ಹಾಗೇ ಇದ್ದವು. ಮುನಿವೆಂಕಟಪ್ಪ ತೆಳುಬಟ್ಟೆಯ ಗಂಟಿನಲ್ಲಿ ಪುಡಿ ತುಂಬಿಕೊಂಡು ಗಿಡಗಳ ಮೇಲೆ ಅಲ್ಲಾಡಿಸುತ್ತಾ ಬರುತ್ತಿದ್ದ. ಮೂಗಿಗೆ ಬಟ್ಟೆಯಿಲ್ಲ, ಬರಿಗೈ, ಹುಬ್ಬು ಮೀಸೆಯೆಲ್ಲ ಬಿಳಿ. ನಾಲ್ಕು ಗಿಡಕ್ಕೊಮ್ಮೆ ನಿಂತು ಕೆಮ್ಮುತ್ತಿದ್ದ.

ಹನುಮಕ್ಕ ಬದುವಿನಿಂದ ಓಡಿಬಂದಳು. "ಅಯ್ಯೋ ಅಮ್ಮಾವ್ರು ನಮ್ಮ ಹೊಲದಗಂಟ ಬಂದವ್ರೆ. ನಾಳೀಕೆ ಕೀಳ್ತೀವಿ ಅಮ್ಮಾವ್ರೇ, ಒಂದು ಹುಳಾನೂ ಇರಾಕಿಲ್ಲ."

"ಬಸುರಿ ತಿಂತಾಳೆ ಅಂತ ಹೇಳಿದ್ನಲ್ಲೇ. ಯಾಕೆ ಹೀಗೆ ಮಾಡಿದೆ?" ದಾರಿಯುದ್ದಕ್ಕೂ ಮಸೆದುಕೊಂಡು ಬಂದ ಮಾತು ಬಾಯಿಗೆ ಬರುವಷ್ಟರಲ್ಲಿ ಮೊಂಡಾಗಿತ್ತು.

ಹನುಮಕ್ಕನಿಗೆ ಅರ್ಥವಾಗಲಿಲ್ಲ. "ನೀವೇ ಕೇಳಿದ್ದಲ್ವಾ ಅಮ್ಮಾವ್ರೇ? ತೂತಿದ್ರೆ ಬೀದೀಗೇ ಬರಬ್ಯಾಡ ಅಂದ್ರಿ. ಅವತ್ತು ಬುಟ್ಟಿ ಹಂಗೇ ವಾಪಸ್ಸು ತಂದೆ, ದನದ ಮುಂದಕ್ಕೆ ಹಾಕಿದ್ವಿ. ಅದಕ್ಕೇ ಇವರು ಔಸ್ದಿ ತಂದ್ರು. ನಮ್ಮ ಕಾಯಿ ಖಾಲಿ ಆಯ್ತು ಅಂತ ಗೊತ್ತಾಗಿ ಅಕ್ಕಪಕ್ಕದೋರೂ ತಂದ್ರು. ರಾಜಾಜಿನಗರದೋರಿಗೆ ಹುಳ ಆಗಾಕಿಲ್ಲ ಅಂತ ಊರಿಗೆಲ್ಲ ಗೊತ್ತು."

ಅನಂತಲಕ್ಷ್ಮಮ್ಮನವರು ಹೊಸಿಲ ಬಳಿ ನಿಂತು ಆಡಿದ ಒಂದು ಮಾತು ಬಸ್ಸು ಹತ್ತಿ ಇಲ್ಲಿಗೆ ಬಂದಿತ್ತು. ಈ ದಿಣ್ಣೆಯ ಕೆಳಗೆ ಕಣ್ಣು ಹಾಯುವ ತನಕ ಹಬ್ಬಿ ಪುಡಿಯಾಗಿ ಕೂತಿತ್ತು. ತಿರುಗಿ ಬುಟ್ಟಿಯೇರಿ ತಮ್ಮ ಮನೆಗೇ ಬಂದು ಮಗಳ ಬಾಯಿ ಸೇರಿತ್ತು. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ ಅಲ್ಲವೇ? ಅಡುಗೆಮನೆಯ ಹೆಂಗಸು ನಾನು, ನನ್ನ ಮಾತಿಗೆ ಇಷ್ಟು ಬಲವಿತ್ತೇ ಎಂದು ಅವರಿಗೆ ಹೆದರಿಕೆಯೂ ಆಯಿತು, ಸೋಜಿಗವೂ ಆಯಿತು.

ಸತ್ಯವತಿ ಮುನಿವೆಂಕಟಪ್ಪನನ್ನು ಕರೆದು ಕೈ ಮುಖ ತೊಳೆಸಿದರು. ಪುಡಿ ಎರಚುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಬೇಕು, ಬರಿಗೈಯಲ್ಲಿ ಮುಟ್ಟಬಾರದು ಎಂದರು. ಎರಚಿದ ಮೇಲೆ ಎಷ್ಟು ದಿನ ಬಿಟ್ಟು ಕೀಳಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಲು ಬಾರದಿದ್ದರೆ ಕೃಷಿ ಇಲಾಖೆಯವರನ್ನು ಕೇಳಿ, ಅದಕ್ಕೆ ಮುಂಚೆ ಒಂದು ಕಾಯಿಯನ್ನೂ ಮಾರಬೇಡಿ ಎಂದರು.

"ನೀವು ಹೇಳೋದು ಸರಿ ತಾಯಿ," ಎಂದ ಮುನಿವೆಂಕಟಪ್ಪ. "ಅಷ್ಟು ದಿನ ಬಿಟ್ರೆ ಹುಳ ಮತ್ತೆ ಬೀಳ್ತದೆ. ಬಿದ್ರೆ ತಗೊಳ್ಳೋರು ಯಾರು?"

ಅನಂತಲಕ್ಷ್ಮಮ್ಮ, "ನಾನು ತಗೋತೀನಿ," ಎಂದರು.

ಮುನಿವೆಂಕಟಪ್ಪ ನಗಲಿಲ್ಲ, ನಂಬಲೂ ಇಲ್ಲ. ಪೇಟೆಯವರು ಹೊಲಕ್ಕೆ ಬಂದರೆ ಒಂದು ಮಾತು, ಬಾಗಿಲಲ್ಲಿ ನಿಂತರೆ ಇನ್ನೊಂದು ಮಾತು ಆಡುವುದನ್ನು ಅವನು ಕಂಡಿದ್ದ. ಆದರೂ ಹೊಲದ ಕೆಳಭಾಗದ ತಾಕಿಗೆ ಇನ್ನೂ ಪುಡಿ ಬಿದ್ದಿಲ್ಲ, ಅದನ್ನು ಹಾಗೇ ಬಿಡುತ್ತೇನೆ, ನೋಡೋಣ ಎಂದ.

ಎರಡು ದಿನ ಬಿಟ್ಟು ಹನುಮಕ್ಕ ಆ ತಾಕಿನ ಕಾಯಿ ಹೊತ್ತು ಬಂದಳು. ಬುಟ್ಟಿ ಇಳಿಸುವಾಗಲೇ ಅವಳ ಮುಖ ಸಣ್ಣದಾಗಿತ್ತು, ಕಾಯಿಗಳಲ್ಲಿ ಅಲ್ಲಲ್ಲಿ ತೂತು. ಬೀದಿಯ ಹೆಂಗಸರು ಬಂದು ಸುತ್ತ ನಿಂತರು. ಎಂದಿನಂತೆ ಎಲ್ಲರೂ ಅನಂತಲಕ್ಷ್ಮಮ್ಮನವರ ಕೈಯನ್ನೇ ನೋಡುತ್ತಿದ್ದರು.

ಅವರು ಕೂತು, ತೂತಿದ್ದದ್ದು ಇಲ್ಲದ್ದು ಎಂದು ನೋಡದೆ ಮೊರಕ್ಕೆ ತುಂಬಿಕೊಳ್ಳತೊಡಗಿದರು. ಒಂದು ಹುಳ ಹೊರಗೆ ಬಂದು ಬೆರಳು ಹತ್ತಿತು. ಅವರ ಮೈ ಜುಮ್ಮೆಂದಿತು, ಆದರೂ ಕೈ ಹಿಂದೆಗೆಯಲಿಲ್ಲ.

"ಏನ್ರೀ ಇದು, ಹುಳದ ಕಾಯಿ ತಗೋತಿದೀರಾ?" ಎಂದರು ಎದುರು ಮನೆಯ ಶಿವಕ್ಕ.

"ಹುಳ ಕಣ್ಣಿಗೆ ಕಾಣುತ್ತೆ ಶಿವಕ್ಕ, ತೆಗೆದು ಎಸೀತೀನಿ. ವಿಷ ಕಾಣುತ್ತಾ? ಹೋದ ವಾರ ನಾವೆಲ್ಲ ತಗೊಂಡಿದ್ದು ಅದನ್ನೇ. ತರಿಸಿದ್ದು ಹನುಮಕ್ಕ ಅಲ್ಲ, ನಾನು." ಅವರು ಹೊಲದಲ್ಲಿ ಕಂಡದ್ದನ್ನೆಲ್ಲ ಹೇಳಿದರು. ಮುನಿವೆಂಕಟಪ್ಪನ ಕೆಮ್ಮನ್ನೂ ಬಿಡದೆ ಹೇಳಿದರು.

ಒಬ್ಬಿಬ್ಬರು ಮೂಗು ಮುರಿದು ಒಳಗೆ ಹೋದರು. ಶಿವಕ್ಕ ಮಾತ್ರ ಸೆರಗು ಸಿಕ್ಕಿಸಿಕೊಂಡು ಬುಟ್ಟಿಯ ಮುಂದೆ ಕೂತರು. ಅವರ ಹಿಂದೆ ಇನ್ನೊಬ್ಬರು ಬಂದರು. ಬುಟ್ಟಿ ಪೂರ್ತಿ ಖಾಲಿಯಾಗಲಿಲ್ಲ, ಆದರೂ ತಳ ಕಂಡಿತು. ಹನುಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಮೇಲ್ಗಡೆ ತಾಕಿಗೂ ಇನ್ನು ಎರಚಬ್ಯಾಡಿ ಅಂತ ಹೇಳ್ತೀನಿ ಅಮ್ಮಾವ್ರೇ, ಪುಡಿ ಬಿದ್ದಿರೋ ಕಾಯಿ ದಿನ ತುಂಬೋಗಂಟ ತರಾಕಿಲ್ಲ," ಎಂದಳು.

ಅಂದು ಕಾಯಿ ತೊಳೆದು, ಸುಲಿದು, ಹುಳ ಕೊರೆದದ್ದನ್ನು ಆರಿಸಿ ತೆಗೆದು, ಕಾಳು ನೆನೆಸಿ ಹಿತಕಿ ಅನಂತಲಕ್ಷ್ಮಮ್ಮ ಸಾರು ಮಾಡಿದರು. ಪ್ರಭಾ ಎರಡು ಸಲ ಬಡಿಸಿಕೊಂಡು ಉಂಡಳು. ಉಣ್ಣುವಾಗ ಹೊಟ್ಟೆಯೊಳಗಿನ ಮಗು ಒದೆಯಿತೆಂದು ತಾಯಿಯ ಕೈ ಹಿಡಿದು ತೋರಿಸಿದಳು. ಅನಂತಲಕ್ಷ್ಮಮ್ಮನವರಿಗೆ ಕಣ್ಣು ತುಂಬಿ ಬಂತು.

ಅಕ್ಕತಂಗಿಯರೇ, ಚೀಲ ಹಿಡಿದು ಮಾರ್ಕೆಟ್ಟಿಗೆ ಹೋಗುವ ಅಣ್ಣಂದಿರೇ, ಸೊಪ್ಪು, ತರಕಾರಿ, ಹಣ್ಣು ಏನೇ ತಂದರೂ ಸುಲಿಯುವ, ಹೆಚ್ಚುವ ಮೊದಲು ನೀರು ಬದಲಾಯಿಸಿ ತಿಕ್ಕಿ ತೊಳೆಯಿರಿ. ಅವರೆಯನ್ನೂ ತೊಳೆಯಿರಿ. ತೊಳೆದರೆ ವಿಷವೆಲ್ಲ ಹೋಗುತ್ತದೆಂದಲ್ಲ, ಕಡಿಮೆಯಾಗುತ್ತದೆ. ಪೂರ್ತಿ ಹೋಗಬೇಕಾದರೆ ಅದು ಹೊಲಕ್ಕೇ ಅಳತೆ ಮೀರಿ ಬೀಳಬಾರದು, ಬಿದ್ದರೆ ದಿನ ತುಂಬುವ ಮೊದಲು ಕೀಳಬಾರದು. ಅದು ನಿಮ್ಮ ಕೈಯಲ್ಲೂ ಇದೆ. ಒಂದು ತೂತು, ಒಂದು ಕಲೆ ಕಂಡ ಮಾತ್ರಕ್ಕೆ ಬುಟ್ಟಿಯನ್ನು ತಳ್ಳಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಿಗೂ ಒಬ್ಬಳು ಹನುಮಕ್ಕ ಬರುತ್ತಾಳೆ. ಹುಳ ಇದೆಯಾ ಎಂದು ಕೇಳುವ ಬದಲು, ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಕೇಳಿ. ಆ ಪ್ರಶ್ನೆಯೂ ಹೊಲದ ತನಕ ಹೋಗುತ್ತದೆ.