ಗಂಟಿಲ್ಲದ ಬೇರು

ಅಲಸಂದೆ ಗಿಡ ಕಿತ್ತು ಮಣ್ಣು ಕೊಡವಿದ ಪ್ರಮೀಳಾಳ ಕೈ ಹಾಗೇ ನಿಂತಿತು. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ಹೋದ ವರ್ಷ ಟೊಮೆಟೊ ಬೆಳೆಯನ್ನು ಹಾಳುಮಾಡಿದ್ದೂ ಬೇರುಗಂಟಿನ ರೋಗವೇ. ಈ ಸಲ ಬಿತ್ತನೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚಿದ ಕಪ್ಪು ಪುಡಿಯನ್ನು, ಗಂಡ ಬೇಡವೆಂದರೂ ತಂದವಳು ಅವಳು. ರೋಗವನ್ನು ನನ್ನ ಕೈಯಾರೆ ಬಿತ್ತಿದೆನೇ ಎಂದುಕೊಂಡಳು.

ಗಂಡ ತಿಮ್ಮರಾಜು ಶ್ರೀರಂಗಪಟ್ಟಣಕ್ಕೆ ಹೋಗಿ ಬೇರಿನ ಹುಳ ಕೊಲ್ಲುವ ಹರಳುವಿಷದ ಚೀಲ ತಂದ.

"ನಿನ್ ಪುಡಿ ಮಾಡಿದ್ ಕೆಲ್ಸ ನೋಡು. ಮಣ್ಗೆ ಇದ ಹಾಕ್ದೆ ದಾರಿ ಇಲ್ಲ."

"ಸೊಪ್ಪ ಹಸ ತಿಂತವಲ್ಲ..."

ಅತ್ತೆ ಚಿಕ್ಕಬೋರಮ್ಮ ಸೊಸೆಯ ಮುಖ ನೋಡಿದಳು. ಚೀಲವನ್ನು ಎಳೆದು ಅದರ ಮೇಲೇ ಕೂತಳು. "ವಸಿ ತಡಿ ಕಣ್ಲಾ. ಮೌನೇಶನ ಮಗಳು ರಜಕ್ಕೆ ಬಂದವ್ಳೆ, ಬೇಸಾಯದ ಕಾಲೇಜಲ್ಲಿ ಓದೋಳು. ಅವಳ್ನ ಒಂದ್ ಮಾತ್ ಕೇಳವ."

"ಕಾವ್ಗೆ ಕೂತ ಕೋಳಿಯಂಗೆ ಕೂತವ್ಳೆ ನೋಡು," ಎಂದ ತಿಮ್ಮರಾಜು. ಆದರೂ ಫೋನು ಮಾಡಿದ.

ಬಡಗಿ ಮೌನೇಶನ ಮಗಳು ಭೂಮಿಕ ಬಂದು ಒಂದು ಗಂಟನ್ನು ಉಗುರಿನಿಂದ ತಳ್ಳಿದಳು. ಸಲೀಸಾಗಿ ಉದುರಿತು. ಸೀಳಿದರೆ ಒಳಗೆ ಕೆಂಪು.

"ರೋಗದ ಗಂಟು ಇಂಗೆ ಉದುರಲ್ಲ ಅಕ್ಕ, ಬೇರು ತಾನೇ ಊದ್ಕೊಂಡಿರ್ತದೆ. ಇದ್ರೊಳ್ಗಿರೋದು ಒಳ್ಳೇ ಬ್ಯಾಕ್ಟೀರಿಯ. ಗಾಳಿಯಿಂದ ಗಿಡಕ್ಕೆ ಗೊಬ್ರ ಮಾಡ್ಕೊಡ್ತವೆ. ನೀವು ಹಚ್ಚಿದ್ ಪುಡೀಲಿದ್ದದ್ದೂ ಅವೇಯ."

ಪ್ರಮೀಳಾ ಆ ಕೆಂಪನ್ನು ಬಗ್ಗಿ ನೋಡಿದಳು.

"ಸದ್ಯ!" ತಿಮ್ಮರಾಜು ನಕ್ಕ. "ಕೆಳಗಿನ್ ತಾಕಲ್ಲಿ ಒಂದ್ ಗಂಟೂ ಇಲ್ಲ, ಅಲ್ಲಾದ್ರೂ ಬೇರು ಚೆನ್ನಾಗದೆ ಅಂದ್ಕೊಂಡಿದ್ದೆ."

ಭೂಮಿಕ ನಗಲಿಲ್ಲ. "ಒಂದೂ ಇಲ್ವಾ ಅಣ್ಣ?"

ಕೆಳಗಿನ ತಾಕು ನಾಲೆಯ ಪಕ್ಕದ್ದು. ಮಣ್ಣು ಅಂಟಂಟು, ತಣ್ಣಗೆ. ಒಣಗಿದ ಕಡೆ ಉಪ್ಪು ಚೆಲ್ಲಿದಂತೆ ಬಿಳುಪು. ಕಿತ್ತ ಗಿಡದ ಬೇರು ಬೋಳಾಗಿ, ಕಂದುಬಣ್ಣಕ್ಕೆ ತಿರುಗಿತ್ತು.

"ನೀರು ನಿಂತು ಚೌಳಾಗದೆ. ಮಣ್ಣೊಳಗೆ ಗಾಳಿ ಇಲ್ಲ, ಮೇಲೆ ಉಪ್ಪು. ಆ ಬ್ಯಾಕ್ಟೀರಿಯ ಬದುಕ್ಲಿಲ್ಲ ಅಣ್ಣ."

"ಚೌಳು ಎಲ್ಲಿಗಂಟ ಬಂದದೆ?"

"ಬೇರ್ನೇ ನೋಡ್ಬೇಕು. ಗಂಟಿದ್ದ ಕಡೆ ಇನ್ನೂ ಬಂದಿಲ್ಲ ಅಂತ."

ತಿಮ್ಮರಾಜು ಬಿಳುಪು ಮುಗಿದ ಕಡೆ ಒಂದು ಗಿಡ ಕಿತ್ತ. ಬೋಳು. ಬದು ಹತ್ತಿ, ಮಣ್ಣು ಕೆಂಪಗೆ ಚೆನ್ನಾಗಿಯೇ ಕಾಣುವ ಕಡೆ ಇನ್ನೊಂದು ಕಿತ್ತ. ಅದೂ ಬೋಳು. ಅವನು ಇನ್ನೂ ಮೇಲಿನ ಸಾಲಿಗೆ ಹೋದ. ಪ್ರಮೀಳಾ ಪಕ್ಕದ ಸಾಲಿಗೆ ಬಂದು ತಾನೂ ಕೀಳತೊಡಗಿದಳು, ಕೆಸರು ಬೇರನ್ನು ಹೆಬ್ಬೆರಳಿನಿಂದ ಸವರುತ್ತ, ಒಂದು ಗಂಟಾದರೂ ತಗುಲಲೆಂದು.

"ಗಂಟು ಸಿಕ್ತೇನ್ಲಾ?" ಮನೆಯ ಕಡೆಯಿಂದ ಚಿಕ್ಕಬೋರಮ್ಮ ಕೂಗಿದಳು.

ಇಬ್ಬರೂ ಮುಂದಿನ ಗಿಡಕ್ಕೆ ಕೈ ಹಾಕಿದರು.