ಹಿಂಬದಿ ಕೋಣೆಯ ಕಿಟಕಿ

ಎರಡನೆಯ ಏಟಿಗೆ ಟೈಲರ್‌ನ ಕನ್ನಡಕ ಹಾರಿ ಹೊಲಿಗೆ ಯಂತ್ರದ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನನ್ನು ಮನೆಯೊಡತಿಯ ತಮ್ಮ ಕಾಲರ್ ಹಿಡಿದು ಮತ್ತೆ ನೆಟ್ಟಗೆ ನಿಲ್ಲಿಸಿದ.

"ಇನ್ನೊಂದ್ಸಲ ಕೇಳಿ ಮೇಷ್ಟ್ರೇ," ಎಂದ.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಮೂವತ್ತು ವರ್ಷ ಬಾಡಿಗೆ ಮನೆಗಳ ತಪಾಸಣೆ ಮಾಡಿ ನಿವೃತ್ತನಾದವನು. ಜನ ಮಲಗುವ ಪ್ರತಿ ಕೋಣೆಗೂ ಬಾಗಿಲಲ್ಲದೆ ತೆರೆಯುವ ಕಿಟಕಿಯೂ ಇರಬೇಕು, ಒಂದು ಕೋಣೆಗೆ ಇಲ್ಲದಿದ್ದರೂ ಇಡೀ ಮನೆಗೆ ಬೀಗ ಎಂಬ ಹೊಸ ನಿಯಮ ಬಂದ ಮೇಲೆ ಅವನಿಗೆ ಮತ್ತೆ ಪ್ರಾಯ ಬಂದಂತಾಗಿತ್ತು. ತಪಾಸಣೆಯ ಹಿಂದಿನ ದಿನ ಬಂದು, ತಾನೇ ಅಧಿಕಾರಿಯ ಹಾಗೆ ಕೋಣೆ ಕೋಣೆ ಸುತ್ತಿ, ಮಾಲೀಕರಿಗೂ ಬಾಡಿಗೆಯವರಿಗೂ ಪ್ರಶ್ನೆ ಕೇಳಿ ಉತ್ತರ ಬಾಯಿಪಾಠ ಮಾಡಿಸುತ್ತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವನ ಮಂತ್ರ. ಈ ಮನೆಯ ಐದು ಕೋಣೆಗಳು ಬೆಳಿಗ್ಗೆಯೇ ಪಾಸಾಗಿದ್ದವು. ಉಳಿದದ್ದು ಹಿಂಬದಿಯ ಈ ಕೋಣೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಅಧಿಕಾರಿಯ ದನಿ ತಂದುಕೊಂಡ. "ಬೆಂಕಿ ಬಿದ್ರೆ ಎಲ್ಲಿಂದ ಹೊರಗೆ ಹೋಗ್ತೀರಿ?"

"ಬಾಗಿಲಿಂದ," ಎಂದ ಟೈಲರ್.

"ಬಾಗಿಲಲ್ಲೇ ಬೆಂಕಿ ಇದ್ರೆ?"

"ಸುಟ್ಟು ಸಾಯ್ತೀನಿ ಸ್ವಾಮಿ. ಇನ್ನೇನು ಮಾಡ್ಲಿ?"

ಮೂರನೆಯ ಏಟು ಬಿತ್ತು. ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಮೇಷ್ಟ್ರು ತನ್ನ ಪ್ರಶ್ನೆಗಳ ಪಟ್ಟಿಯಲ್ಲಿ ಮುಖ ಹುದುಗಿಸಿ, "ನಾನು ಒಳಗೆ ಬಂದೇ ಇಲ್ಲ ಅಂದ್ಕೊಳ್ಳಿ," ಎಂದ.

ಮನೆಯೊಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮೊದಲ ಏಟಿಗೆ ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದೆ ಸರಿದಿದ್ದಳು. ಗಂಡ ಸತ್ತ ಮೇಲೆ ಅವಳ ಹೊಟ್ಟೆ ಹೊರೆದದ್ದು ಈ ಆರು ಕೋಣೆಗಳು. ಬೀಗ ಬಿದ್ದರೆ ಅವಳೂ ಬೀದಿಗೆ, ಆರು ಬಾಡಿಗೆಯವರೂ ಬೀದಿಗೆ. ಈ ಕೋಣೆಗೆ ಒಂದು ಕಾಲಕ್ಕೆ ಕಿಟಕಿ ಇತ್ತು. ನಾಲ್ಕು ವರ್ಷದ ಹಿಂದೆ, ಪೇಂಟಿಂಗ್ ಕಂಟ್ರಾಕ್ಟರ್ ಆದ ತಮ್ಮ ಬಂದು, ಹಿಂದಿನ ಓಣಿಗೆ ಸೂರು ಹಾಕಿ ಬಣ್ಣದ ಡಬ್ಬ, ತಿನ್ನರ್ ಇಟ್ಟುಕೊಳ್ಳುತ್ತೇನೆಂದು ಕಿಟಕಿಗೆ ಇಟ್ಟಿಗೆ ಕಟ್ಟಿದ. ಒಡಹುಟ್ಟಿದವನು, ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಟೈಲರ್ ಕೇಳಿದಾಗಲೆಲ್ಲ "ತೆಗೆಸೋಣ, ತೆಗೆಸೋಣ" ಎನ್ನುತ್ತಾ ಬಂದಳು.

ಈಗ ತಮ್ಮ ಮಾಡಿದ ಉಪಾಯ ಸರಳ. ಗುಜರಿಯಿಂದ ಮಸುಕು ಗಾಜಿನ ಹಳೆಯ ಕಿಟಕಿಯೊಂದನ್ನು ತಂದು ಅದೇ ಇಟ್ಟಿಗೆಯ ಮೇಲೆ ಮೊಳೆ ಹೊಡೆದು ಕೂರಿಸಿದ. ಮೇಷ್ಟ್ರು ಒಪ್ಪಿದ. "ಪರದೆ ಸರಿಸಿ ನೋಡೋರು ನೂರಕ್ಕೆ ಒಬ್ರು. ನಾನೇ ಮೂವತ್ತು ವರ್ಷ ಸರಿಸ್ಲಿಲ್ಲ. ಆದ್ರೆ ಒಳಗಿರೋರನ್ನ ಕೇಳೇ ಕೇಳ್ತಾರೆ."

ಪರದೆ ಹೊಲಿದವನು ಟೈಲರೇ. ಕಿಟಕಿ ಮತ್ತೆ ತೆರೆಸುತ್ತಿದ್ದೇವೆ, ಒಂದು ಪರದೆ ಹೊಲಿದು ಕೊಡಿ ಎಂದು ಅವಳೇ ಹೇಳಿದ್ದಳು. ಅವನು ಎಂದಿನಿಂದಲೋ ಎತ್ತಿಟ್ಟಿದ್ದ ನೀಲಿ ಬಟ್ಟೆ ತೆಗೆದು, ನೆರಿಗೆ ಹಿಡಿದು, ಕೂಲಿ ಬೇಡವೆಂದು ಹೊಲಿದ. ಇವತ್ತು ಗಿರಾಕಿಗಳಿಗೆ ಬಟ್ಟೆ ಕೊಟ್ಟು ಬಂದವನು ಪರದೆ ಸರಿಸಿ, ಕದ ತಳ್ಳಿದ. ಮತ್ತೆ ತಳ್ಳಿದ. ಆಮೇಲೆ ಅವಳ ಕಡೆ ತಿರುಗಿ ನೋಡಿದ ನೋಟ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

"ಕಿಟಕಿಯಿಂದ ಅನ್ನೋ," ಎಂದ ತಮ್ಮ. "ಐದಕ್ಷರ. ಅದನ್ನ ಹೇಳೋಕೆ ಏನು ದಾಡಿ?"

"ಇರೋದನ್ನ ಇದೆ ಅಂತೀನಿ. ಗೋಡೆನ ಕಿಟಕಿ ಅನ್ನೋಕೆ ನನ್ನಿಂದ ಆಗಲ್ಲ."

ತಮ್ಮ ಬಟ್ಟೆ ಅಳೆಯುವ ಮರದ ಕೋಲು ಎತ್ತಿಕೊಂಡ. ಬೆನ್ನಿಗೆ, ತೊಡೆಗೆ, ಮೊಣಕಾಲಿಗೆ ಬೀಸಿದ. ನಾಲ್ಕನೆಯದಕ್ಕೆ ಕೋಲು ಮುರಿಯಿತು. ಟೈಲರ್ ಮೇಜಿಗೆ ಬಡಿದುಕೊಂಡು ಕುಸಿದ. ಕೈಗೆ ಸಿಕ್ಕ ಕತ್ತರಿ ಬೀಸಿದ್ದು ತಮ್ಮನ ಮೊಣಕೈಯನ್ನು ಗೀರಿತು. ಅಷ್ಟೇ ಸಾಕಾಯಿತು. ತಮ್ಮ ಅವನ ಮಣಿಕಟ್ಟು ತಿರುಚಿ ಕತ್ತರಿ ಬೀಳಿಸಿದ. ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇನ್ನೂ ಕಾದಿತ್ತು. ಆ ಬಲಗೈಯ ಅಂಗೈಯನ್ನು ಬಿಡಿಸಿ ಅದರ ತಳಕ್ಕೆ ಒತ್ತಿದ.

"ಬೆಂಕಿ ಅಂದ್ರೆ ಹಿಂಗಿರತ್ತೆ. ಈಗ ಹೇಳು, ಎಲ್ಲಿಂದ ಹೋಗ್ತೀಯಾ?"

ಟೈಲರ್ ಕಿರುಚಿದ್ದು ಮನುಷ್ಯರ ದನಿಯಂತಿರಲಿಲ್ಲ. ಸುಟ್ಟ ಚರ್ಮದ ವಾಸನೆ ಕೋಣೆ ತುಂಬಿತು. ಹೊರಗೆ ಹೋಗಲು ಅದಕ್ಕೂ ದಾರಿ ಇರಲಿಲ್ಲ. ಮೇಷ್ಟ್ರು ಪಟ್ಟಿಯನ್ನೂ ಪೆನ್ನನ್ನೂ ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ.

ಮೊಳೆ ಹೊಡೆದ ಸುತ್ತಿಗೆ ಬಾಗಿಲ ಬಳಿಯೇ ಬಿದ್ದಿತ್ತು. ಅದು ತನ್ನ ಕೈಗೆ ಹೇಗೆ ಬಂತೆಂದು ಆಮೇಲೆ ಅವಳಿಗೆ ನೆನಪಾಗಲಿಲ್ಲ. ತಮ್ಮನ ಭುಜದ ಮೇಲೆ ಅದು ಬಿದ್ದ ಸದ್ದು ಮಾತ್ರ ನೆನಪಿತ್ತು. ಒಣ ಸೌದೆ ಸೀಳಿದ ಸದ್ದು. ಅವನ ತೋಳು ಜೋತು ಬಿತ್ತು. ಅವನು ಮಂಡಿಯೂರಿ ಕುಳಿತು, ಚಿಕ್ಕಂದಿನಲ್ಲಿ ಬಿದ್ದು ಬಂದು ನೋಡುತ್ತಿದ್ದ ಹಾಗೆಯೇ ಅವಳನ್ನು ನೋಡಿದ.

"ನನ್ ಮೇಲೇ ಕೈ ಮಾಡಿದ್ಯಾ ಅಕ್ಕ? ನಿನ್ ಮನೆ ಉಳ್ಸೋಕೆ ಬಂದಿದ್ದೆ ಕಣೇ."

"ಹೋಗು," ಎಂದಳು. ಎತ್ತಿದ ಸುತ್ತಿಗೆ ಕೆಳಗಿಳಿಯಲಿಲ್ಲ. "ನಿಂಗೆ ಬಾಗಿಲಾದ್ರೂ ಇದೆ. ಹೋಗು."

ಅವನು ಗೋಡೆ ಹಿಡಿದುಕೊಂಡು ಹೋದ. ಅವಳು ಪರದೆಯನ್ನು ಕಿತ್ತು, ನೀರಲ್ಲಿ ಅದ್ದಿ, ಟೈಲರ್‌ನ ಕೈಗೆ ಸುತ್ತಿದಳು. ಅವನು ಅವಳ ಮುಖ ನೋಡಲಿಲ್ಲ. ಆಮೇಲೆ ಅವಳು ಎದ್ದು ಕಿಟಕಿಗೆ ಹೊಡೆದಳು. ಗಾಜು ಪುಡಿಯಾಯಿತು, ಚೌಕಟ್ಟು ಸೀಳಿ ಬಿತ್ತು. ಇಟ್ಟಿಗೆಗೆ ಹೊಡೆದಳು. ಅಂಗೈ ಬೊಬ್ಬೆ ಬಂದು ಒಡೆದು ಹಿಡಿ ಜಾರುವವರೆಗೂ ಹೊಡೆದಳು. ಮೊದಲ ಇಟ್ಟಿಗೆ ಆಚೆ ಬಿದ್ದಾಗ ಡಬ್ಬಗಳು ಉರುಳಿದವು, ತಿನ್ನರ್ ವಾಸನೆ ಗಪ್ಪನೆ ನುಗ್ಗಿತು. ನಾಲ್ಕು ವರ್ಷ ಈ ಮನುಷ್ಯ ತಲೆಯಿಟ್ಟು ಮಲಗಿದ್ದ ಜಾಗದಿಂದ ಒಂದು ಗೇಣಿನಾಚೆ, ಒಂದು ಕಿಡಿಗೇ ಹೊತ್ತಿಕೊಳ್ಳುವ ಅಷ್ಟೂ ಡಬ್ಬಗಳಿದ್ದವು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು ಬಂದು ಅವಳು ಮತ್ತೆ ಸುತ್ತಿಗೆ ಎತ್ತಿದಳು. ಸಂಜೆಯ ಹೊತ್ತಿಗೆ ಆಳು ನುಸುಳುವಷ್ಟು ದಾರಿಯಾಯಿತು. ಆಮೇಲೆ ಒಬ್ಬಳೇ ಡಬ್ಬಗಳನ್ನೆಲ್ಲ ಹೊರಗೆ ಸಾಗಿಸಿ, ಓಣಿಯ ಸೂರನ್ನೂ ಕಿತ್ತೆಸೆದಳು.

ಮರುದಿನ ಬಂದ ಅಧಿಕಾರಿ ಒಬ್ಬ ಹೆಂಗಸು. ನೆಲದ ಇಟ್ಟಿಗೆ ಪುಡಿ, ಮುರಿದ ಕೋಲು, ಟೈಲರ್‌ನ ಕೈ, ಎಲ್ಲವನ್ನೂ ನೋಡಿದಳು.

"ಇದನ್ನ ಯಾವಾಗ ಒಡೆದ್ರಿ?"

"ನಿನ್ನೆ."

"ಅದಕ್ಕೆ ಮುಂಚೆ ಬೆಂಕಿ ಬಿದ್ದಿದ್ರೆ ಇವರು ಎಲ್ಲಿಂದ ಹೋಗ್ತಿದ್ರು?"

ಮೇಷ್ಟ್ರು ಕಲಿಸಿದ ಉತ್ತರ ಮನೆಯೊಡತಿಯ ನಾಲಿಗೆಯ ತುದಿಯಲ್ಲೇ ಇತ್ತು. ಹಜಾರದಲ್ಲಿ ಉಳಿದ ಐದು ಕೋಣೆಯವರು ಉಸಿರು ಬಿಗಿಹಿಡಿದು ನಿಂತಿದ್ದರು. ಅವಳು ಅವರನ್ನೊಮ್ಮೆ ನೋಡಿ, ಟೈಲರ್‌ನ ಕಡೆ ತಿರುಗಿದಳು.

"ಹೋಗ್ತಿರ್ಲಿಲ್ಲ," ಎಂದಳು. "ನಂಗೆ ಗೊತ್ತಿತ್ತು."

ಅಧಿಕಾರಿಯ ಪೆನ್ನು ಬರೆಯತೊಡಗಿತು, ಬಹಳ ಹೊತ್ತು ಬರೆಯಿತು.

ಟೈಲರ್ ಇಬ್ಬರ ಕಡೆಗೂ ನೋಡಲಿಲ್ಲ. ಮಂಚವನ್ನು ಮೊಣಕಾಲಿನಿಂದ ಗೋಡೆಯತ್ತ ಸರಿಸಿ ಕುಳಿತ. ಎಡಗೈಯಿಂದ ನೀಲಿ ಪರದೆಯ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದ. ಒಡೆದ ಇಟ್ಟಿಗೆಯ ಅಂಚಿನ ಮೇಲೆ ತೋಳೂರಿ, ಸುಟ್ಟ ಅಂಗೈಯನ್ನು ಹೊರಗಿನ ಗಾಳಿಗೆ ಚಾಚಿದ.