ಮೂರು ಗಂಟೆಗೆ ಮುಗಿಯುವ ಬೆಲೆ

ತಂದೆ ಮೆಟ್ರೊ ತೀರಿಕೊಂಡ ಸುದ್ದಿ ತಾರಾಸ್ ಹ್ನಾಟ್ಯೂಕನಿಗೆ ತಲುಪಿದ್ದು ಮಾರ್ಚ್ ತಿಂಗಳ ಒಂದು ಶುಕ್ರವಾರ. ಐಸ್ ಹಾಕಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಅದೇ ಕೊನೆಯ ದಿನ, ಗಡುವು ಮಧ್ಯಾಹ್ನ ಮೂರು ಗಂಟೆ. ಹುಟ್ಟೂರು ಕನೋರಾದಿಂದ ತಾಯಿ ಫೋನು ಮಾಡಿದ್ದಳು. "ಚಹಾ ಕೇಳಿದ್ರು ಕಣೋ. ತರೋಷ್ಟರಲ್ಲಿ ಹೋಗ್ಬಿಟ್ಟಿದ್ರು."

ಸಾಸ್ಕಟೂನ್ ತಂಡದೊಂದಿಗೆ ತಾರಾಸನ ಕರಾರು ಬೇಸಿಗೆಗೆ ಮುಗಿಯುವುದಿತ್ತು. ಆಮೇಲೆ ಅವನು ಬೇರೆಡೆಗೆ ಹೊರಟರೆ ತಂಡಕ್ಕೆ ಏನೂ ದಕ್ಕದು. ಇಂಥವರನ್ನು ಕಪ್ ಗೆಲ್ಲುವ ಆಸೆಯಿರುವ ಬೇರೆ ತಂಡಕ್ಕೆ ಮೊದಲೇ ಬಿಟ್ಟುಕೊಟ್ಟು, ಬದಲಿಗೆ ಎಳೆಯ ಆಟಗಾರನೊಬ್ಬನನ್ನು ಆರಿಸುವ ಹಕ್ಕು ಪಡೆಯುವುದು ರೂಢಿ. ಅಲ್ಲಿಯವರೆಗೆ ಸರಕಿಗೆ ಪೆಟ್ಟು ಬೀಳದಿರಲೆಂದು ಆಡಿಸುವುದೂ ಇಲ್ಲ. ವಾರದಿಂದ ತಾರಾಸ್ ಸೂಟು ತೊಟ್ಟು ಪ್ರೇಕ್ಷಕರ ನಡುವೆ ಕೂತಿದ್ದ. ಕಳೆದ ಪಂದ್ಯಕ್ಕೆ ಬಂದಿದ್ದ ಮೆಟ್ರೊ ಪಕ್ಕದಲ್ಲಿ ಗೊಣಗಿದ್ದ. "ಮದುವೆ ಗಂಡಿನ ಹಾಗೆ ಕೂತಿದೀಯಲ್ಲೋ! ಇದನ್ನ ನೋಡೋಕಾ ನಾನು ಟಿಕೆಟ್ ತಗೊಂಡಿದ್ದು?"

ಮಧ್ಯಾಹ್ನ ತಂಡದ ವ್ಯವಸ್ಥಾಪಕ ಲಾರ್ನ್ ಕೋಣೆಗೆ ಕರೆಸಿದ.

"ಅಪ್ಪನ ವಿಷಯ ಕೇಳಿ ಬೇಜಾರಾಯ್ತು," ಎಂದವನು ಅದೇ ಉಸಿರಿನಲ್ಲಿ ಮುಂದುವರಿಸಿದ. "ದಕ್ಷಿಣದ ತಂಡದೋರು ನಿನ್ನ ಕೇಳ್ತಿದಾರೆ. ನೀನು ಒಪ್ಪದೆ ಕಳಿಸೋ ಹಾಗಿಲ್ಲ, ಕರಾರಲ್ಲೇ ಇದೆ. ಒಂದು ಸಹಿ ಹಾಕಪ್ಪ. ಮೂರು ಗಂಟೆ ದಾಟಿದ್ರೆ ನಿನಗೆ ಬೆಲೆ ಇಲ್ಲ."

"ದಾಟಲಿ ಬಿಡಿ."

"ಕಪ್ ಗೆಲ್ಲೋ ತಂಡ ಕಣಯ್ಯಾ! ತಲೆ ನರೀತಾ ಬಂತು, ಇನ್ನೂ ಒಂದ್ಸಲ ಕಪ್ ಮುಟ್ಟಿಲ್ಲ ನೀನು."

ಆ ಮಾತು ನಾಟಿತು. ಬುದ್ಧಿ ಬಂದಾಗಿನಿಂದ ತಾರಾಸ್ ಬಯಸಿದ್ದು ಅದೊಂದನ್ನೇ. ಆದರೂ ಅವನು ಪೆನ್ನು ಮುಟ್ಟಲಿಲ್ಲ.

"ಸೋಮವಾರ ನಮ್ಮಪ್ಪನ ಮಣ್ಣು. ಇವತ್ತು ಸಂಜೆ ಪಂದ್ಯ ನಾನು ಇಲ್ಲೇ ಆಡ್ತೀನಿ. ಅವರು ನನ್ನ ಆಟ ನೋಡೋಕೆ ಬಂದು, ನನ್ನ ಟೈ ನೋಡ್ಕೊಂಡು ಹೋದ್ರು."

"ನಾನು ಆಡಿಸದಿದ್ರೆ?"

"ಯಾಕೆ ಆಡಿಸಲ್ಲ? ಮೂರರ ಮೇಲೆ ನನಗೆ ಬೆಲೆ ಇಲ್ಲ ಅಂದೋರು ನೀವೇ ತಾನೆ? ಕಾಲು ಮುರಿದ್ರೂ ನಿಮಗೇನು ನಷ್ಟ, ಲಾರ್ನ್ ಸಾಹೇಬ್ರೇ?"

ಲಾರ್ನ್ ಬೈದ, ಬೇಡಿಕೊಂಡ. ಗಡಿಯಾರ ಮೂರು ದಾಟುವವರೆಗೂ ತಾರಾಸ್ ಕುರ್ಚಿ ಬಿಟ್ಟು ಏಳಲಿಲ್ಲ.

"ಹೋಗು, ಹಾಳಾಗಿ ಹೋಗು," ಎಂದ ಲಾರ್ನ್. "ಬೂಟು ಕಟ್ಕೋ."

ಸಂಜೆ ಮಂಜಿನಂಗಳದ ಬಾಗಿಲಲ್ಲಿ ತಾರಾಸ್ ಶಿಲುಬೆಯ ಗುರುತು ಹಾಕಿಕೊಂಡು ಪ್ರಾರ್ಥಿಸಿದ. ಹಿಂದೆ ನಿಂತ ತಂಡದವರು ಕಾದರು.

"ಕರ್ತನೇ, ನಿನ್ನ ದಾಸ ಮೆಟ್ರೊನನ್ನು ನೋವಿಲ್ಲದ, ನಿಟ್ಟುಸಿರಿಲ್ಲದ ಬೆಳಕಿನ ತಾಣಕ್ಕೆ ಸೇರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು. ಅವನ ನೆನಪು ನಿನ್ನಲ್ಲಿ ಎಂದೆಂದಿಗೂ ಉಳಿಯಲಿ."